ಬಾಡಿಗೆ ಹುಟ್ಟುವ ಊರು

ಕನ್ನಡ ನಾಡಿನ ಮಧ್ಯಮವರ್ಗದ ಗೃಹಸ್ಥನು ತನ್ನ ಉಳಿತಾಯದ ವಿಷಯದಲ್ಲಿ ಮನಸಾರೆ ನಂಬುವ ವಸ್ತುಗಳು ಎರಡೇ: ಚಿನ್ನ ಮತ್ತು ಮಣ್ಣು. ಷೇರುಪೇಟೆಯ ಮರ್ಮವನ್ನು ಮಗನು ಎಷ್ಟು ಬಗೆಯಾಗಿ ವಿವರಿಸಿದರೂ, ಬ್ಯಾಂಕಿನ ಠೇವಣಿಯ ರಸೀದಿ ಬೀರುವಿನಲ್ಲಿ ಭದ್ರವಾಗಿದ್ದರೂ, "ಒಂದು ಸೈಟು ಅಂತ ಇದ್ದರೆ ಧೈರ್ಯ" ಎಂಬ ಮಾತಿನಲ್ಲಿಯೇ ಆತನ ಅರ್ಥಶಾಸ್ತ್ರವು ಪರ್ಯವಸಾನ ಹೊಂದುತ್ತದೆ. ಈ ಶ್ರದ್ಧೆಗೆ ಒಂದು ಕಾಲದಲ್ಲಿ ಬೆಂಗಳೂರೇ ಸಾಕಾಗಿತ್ತು. ಆದರೆ ರಾಜಧಾನಿಯಲ್ಲಿ ಮೂವತ್ತಡಿಗೆ ನಲವತ್ತಡಿಯ ತುಂಡುಭೂಮಿಯೊಂದರ ಬೆಲೆ ಗುಮಾಸ್ತನ, ಉಪಾಧ್ಯಾಯನ, ಏಕೆ, ಸಾಧಾರಣ ಇಂಜಿನಿಯರನ ಜೀವಮಾನದ ಗಳಿಕೆಯನ್ನೂ ಮೀರಿ ನಿಂತಮೇಲೆ, ಹೂಡಿಕೆಯ ದೃಷ್ಟಿಯು ಸಹಜವಾಗಿಯೇ ತುಮಕೂರು, ದಾವಣಗೆರೆ, ಶಿವಮೊಗ್ಗ, ಹುಬ್ಬಳ್ಳಿ-ಧಾರವಾಡ, ಹಾಸನ, ಕಲಬುರಗಿ ಮೊದಲಾದ ಜಿಲ್ಲಾಕೇಂದ್ರಗಳತ್ತ ಹೊರಳಿದೆ. ಆ ಊರುಗಳ ಬಸ್ ನಿಲ್ದಾಣಗಳಲ್ಲಿ ಇಂದು ಸಿನಿಮಾ ಭಿತ್ತಿಪತ್ರಗಳಿಗಿಂತ ಲೇಔಟುಗಳ ಭಿತ್ತಿಪತ್ರಗಳೇ ಹೆಚ್ಚು. ವಿಮಾನ ನಿಲ್ದಾಣಕ್ಕೆ ಹತ್ತು ನಿಮಿಷ, ರಿಂಗ್ ರಸ್ತೆಗೆ ಐದು ನಿಮಿಷ ಎಂದು ಸಾರುವ ಆ ಚಿತ್ರಗಳಲ್ಲಿ ಹಸುರು ಹುಲ್ಲುಹಾಸೂ ನಗುವ ಮಕ್ಕಳೂ ಇರುತ್ತಾರೆ. ಬಾಡಿಗೆ ಎಷ್ಟು ಬಂದೀತೆಂಬ ಅಂಕಿ ಮಾತ್ರ ಎಲ್ಲಿಯೂ ಇರುವುದಿಲ್ಲ.

ಆ ಕಾಣೆಯಾದ ಅಂಕಿಯಿಂದಲೇ ವಿಚಾರವು ಆರಂಭವಾಗಬೇಕು. ತಾನೇ ವಾಸಿಸಲು ಮನೆ ಕೊಳ್ಳುವವನ ಮಾತು ಬೇರೆ. ಅವನು ಹೆಂಡತಿಯ ತವರು, ಮಕ್ಕಳ ಶಾಲೆ, ತನ್ನ ವೃದ್ಧಾಪ್ಯದ ನೆಮ್ಮದಿ ಇವುಗಳಿಗೆ ಬೆಲೆ ಕಟ್ಟುತ್ತಾನೆ. ಅಲ್ಲಿ ಲೆಕ್ಕಕ್ಕೆ ಪ್ರವೇಶವಿಲ್ಲ. ಹೂಡಿಕೆಗಾಗಿ ಕೊಳ್ಳುವವನಾದರೋ ಒಂದು ಊರನ್ನು ಅದರ ಬೆಲೆಯಿಂದ ಅಳೆಯದೆ ಬಾಡಿಗೆಯಿಂದ ಅಳೆಯತಕ್ಕದ್ದು. ಬೆಲೆಯೆಂಬುದು ಮಾರುವವನ ಆಸೆಯಿಂದಲೂ ಕೊಳ್ಳುವವನ ಭ್ರಮೆಯಿಂದಲೂ ಮಧ್ಯಸ್ಥನ ವಾಕ್ಚಾತುರ್ಯದಿಂದಲೂ ಏರಬಲ್ಲುದು. ಬಾಡಿಗೆಗೆ ಆ ಸ್ವಾತಂತ್ರ್ಯವಿಲ್ಲ. ಅದು ಆ ಊರಿನಲ್ಲಿ ತಿಂಗಳು ತಿಂಗಳೂ ಸಂಬಳವೆಣಿಸುವ ಯಾವನೋ ಒಬ್ಬನ ಜೇಬಿನಿಂದ ಬರಬೇಕಾದ ದುಡ್ಡು. ಆದುದರಿಂದ ಅದು ಸುಳ್ಳಾಡಲಾರದು.

ಒಂದು ಲೆಕ್ಕವನ್ನು ಬರಿಯ ನಿದರ್ಶನಕ್ಕಾಗಿ ಹಾಕಿ ನೋಡೋಣ. ಜಿಲ್ಲಾಕೇಂದ್ರವೊಂದರಲ್ಲಿ 40 ಲಕ್ಷ ರೂಪಾಯಿಗೆ ಒಂದು ಸ್ವತಂತ್ರ ಮನೆ ದೊರೆಯಿತೆನ್ನಿ. ಬಾಡಿಗೆ ತಿಂಗಳಿಗೆ 10 ಸಾವಿರ. ವರ್ಷಕ್ಕೆ 1 ಲಕ್ಷ 20 ಸಾವಿರವೆಂದರೆ ಶೇಕಡ 3ರ ಉತ್ಪತ್ತಿಯಾಯಿತು. ಒಬ್ಬ ಬಾಡಿಗೆದಾರನು ಹೋಗಿ ಇನ್ನೊಬ್ಬನು ಬರುವುದರೊಳಗೆ ಒಂದು ತಿಂಗಳು ಮನೆ ಖಾಲಿ ಬಿದ್ದುದಕ್ಕೆ 10 ಸಾವಿರ, ಕಂದಾಯ, ಸುಣ್ಣಬಣ್ಣ, ನಲ್ಲಿ-ಮೋಟಾರುಗಳ ರಿಪೇರಿಗೆ 20 ಸಾವಿರ ಕಳೆದರೆ ಕೈಯಲ್ಲಿ ನಿಲ್ಲುವುದು 90 ಸಾವಿರ, ಅಂದರೆ ಶೇಕಡ ಎರಡೂಕಾಲು. ಅದೇ ಹಣವನ್ನು ಶೇಕಡ ಆರೂವರೆಯ ಠೇವಣಿಯಲ್ಲಿಟ್ಟವನು ಯಾವ ನಲ್ಲಿಯನ್ನೂ ರಿಪೇರಿ ಮಾಡಿಸದೆ 2 ಲಕ್ಷ 60 ಸಾವಿರವನ್ನು ಎಣಿಸಿಕೊಳ್ಳುತ್ತಾನೆ. ಇನ್ನು ಈ 40 ಲಕ್ಷವು ಸ್ವಂತದ್ದಾಗದೆ ಶೇಕಡ ಎಂಟೂವರೆಯ ಸಾಲವಾಗಿದ್ದರಂತೂ, ಕೈಯಲ್ಲಿ ನಿಂತ ಬಾಡಿಗೆ ಮೊದಲ ವರ್ಷದ ಬಡ್ಡಿಯ ಕಾಲುಭಾಗಕ್ಕಿಂತ ತುಸುವೇ ಹೆಚ್ಚನ್ನು ತುಂಬಿಸೀತು. ಇದರ ಮೇಲೆ ಪ್ರವೇಶದ ಖರ್ಚು ಬೇರೆ ಇದೆ. ನಮ್ಮ ರಾಜ್ಯದಲ್ಲಿ ಶೇಕಡ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು, 2025ರ ಆಗಸ್ಟ್ ಅಂತ್ಯದಿಂದ ಶೇಕಡ 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ, ಇವೆಲ್ಲ ಸೇರಿ ಶೇಕಡ ಏಳೂವರೆಗೆ ಮಿಕ್ಕುತ್ತವೆ. 40 ಲಕ್ಷಕ್ಕೆ ಇದು 3 ಲಕ್ಷವಾಯಿತು. ಅಂದರೆ ಮೊದಲ ಮೂರು ವರ್ಷಗಳ ನಿವ್ವಳ ಬಾಡಿಗೆಯೆಲ್ಲ ಸಬ್‌ರಿಜಿಸ್ಟ್ರಾರರ ಕಚೇರಿಯ ಬಾಗಿಲಲ್ಲಿಯೇ ವ್ಯಯವಾಗಿ ಹೋಯಿತು. ಖಾಲಿ ಸೈಟಿನ ಪಾಡು ಇದಕ್ಕಿಂತಲೂ ಕಷ್ಟತರ, ಏಕೆಂದರೆ ಅದು ಕಂದಾಯವನ್ನು ಬೇಡುತ್ತದೆಯೇ ಹೊರತು ಬಾಡಿಗೆಯನ್ನು ಕೊಡುವುದಿಲ್ಲ.

ಹಾಗಾದರೆ ಜನರು ಏಕೆ ಕೊಳ್ಳುತ್ತಾರೆ? ಬೆಲೆ ಏರೀತೆಂಬ ಭರವಸೆಯಿಂದ. ಆ ಭರವಸೆ ನಿರಾಧಾರವಾದುದೆಂದು ನಾನು ಹೇಳಲಾರೆ. ಅನೇಕರಿಗೆ ಅದು ಫಲಿಸಿಯೂ ಇದೆ. ಆದರೆ ಬೆಲೆಯು ದೀರ್ಘಕಾಲದಲ್ಲಿ ಏನನ್ನು ಅನುಸರಿಸಿ ಏರುತ್ತದೆಂದು ಕೇಳಿದರೆ, ಮತ್ತೆ ನಾವು ಅದೇ ಸಂಬಳದ ಜೇಬಿಗೆ ಬಂದು ನಿಲ್ಲುತ್ತೇವೆ. ಬಾಡಿಗೆ ಏರದೆ ಬೆಲೆಯೊಂದೇ ಏರುತ್ತಿರುವ ಊರಿನಲ್ಲಿ ಕೊಳ್ಳುವವರೆಲ್ಲ ನಮ್ಮಂತೆಯೇ ಹೊರಗಿನಿಂದ ಬಂದ ಹೂಡಿಕೆದಾರರು. ನಾವು ಮಾರಹೊರಟ ದಿನ ನಮಗೆ ಬೇಕಾಗುವುದು ಇನ್ನೊಬ್ಬ ಆಶಾವಾದಿ ಮಾತ್ರ.

ಊರಿಗೆ ಸಂಬಳ ಎಲ್ಲಿಂದ ಬರುತ್ತದೆಂಬ ಪ್ರಶ್ನೆಯನ್ನು ಕೋಲಾರ ಚಿನ್ನದ ಗಣಿಯಷ್ಟು ಸ್ಪಷ್ಟವಾಗಿ ಬೋಧಿಸಬಲ್ಲ ಊರು ಕನ್ನಡ ನಾಡಿನಲ್ಲಿ ಮತ್ತೊಂದಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯು ಅಲ್ಲಿ ಗಣಿಗಾರಿಕೆಗೆ ಕೈಹಾಕಿದಂದಿನಿಂದ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗಿಂತಲೂ ಮೊದಲು ಆ ಗಣಿಗಳನ್ನು ಬೆಳಗಿದಂದಿನಿಂದ, ಅಲ್ಲಿನ ಆಸ್ಪತ್ರೆ, ಕ್ಲಬ್ಬು, ಚರ್ಚು, ಮಾರುಕಟ್ಟೆ, ಕೊನೆಗೆ ಟೀ ಅಂಗಡಿಯೂ ಸಹ ನೆಲದಡಿಯ ಒಂದೇ ಒಂದು ಲೋಹವನ್ನು ನಂಬಿ ನಿಂತಿದ್ದವು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಊರು ನಾಶವಾಗಲಿಲ್ಲ, 1960ರ ದಶಕದಿಂದ ಅಲ್ಲಿದ್ದ ಬೆಮೆಲ್ ಕಾರ್ಖಾನೆಯು ಒಂದು ಪಾಲಿನ ಜನರನ್ನು ಉಳಿಸಿಕೊಂಡಿತು. ಉಳಿದವರು ಹೊತ್ತು ಮೂಡುವ ಮುನ್ನವೇ ಮಾರಿಕುಪ್ಪಂ, ಬಂಗಾರಪೇಟೆಗಳ ರೈಲು ಹತ್ತಿ, ಸುಮಾರು ನೂರು ಕಿಲೋಮೀಟರು ದೂರದ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಹಿಂದಿರುಗುವ ಬಾಳನ್ನು ರೂಢಿಸಿಕೊಂಡರು. ಬೆಂಗಳೂರಿನಲ್ಲಿ ದುಡಿದೂ ಜನರು ಗಣಿಯ ಊರಿನಲ್ಲಿಯೇ ಮಲಗುವುದೇಕೆಂದರೆ ಅಲ್ಲಿನ ವಸತಿ ಅಗ್ಗ. ಅಗ್ಗವೇಕೆಂದರೆ ಅಲ್ಲಿ ಸಾಕಷ್ಟು ಸಂಬಳ ಹುಟ್ಟುವುದಿಲ್ಲ. ಅಗ್ಗದ ಆಸ್ತಿಯನ್ನು ಕಂಡು ಹಿಗ್ಗುವ ಹೂಡಿಕೆದಾರನು ಈ ಎರಡನೆಯ ವಾಕ್ಯವನ್ನು ಮರೆಯುವುದೇ ಹೆಚ್ಚು.

ಭದ್ರಾವತಿಯ ಕಥೆಯೂ ಹೆಚ್ಚುಕಡಮೆ ಇದೇ. ಮೈಸೂರು ಸಂಸ್ಥಾನದ ಕೈಗಾರಿಕಾ ಸಂಕಲ್ಪದ ಕೂಸಾಗಿ 1923ರಲ್ಲಿ ಉತ್ಪಾದನೆಗಿಳಿದ, ಈಗ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತಿರುವ ಉಕ್ಕಿನ ಕಾರ್ಖಾನೆ ಒಂದು ಕಡೆ, 1930ರ ದಶಕದ ಕಾಗದದ ಕಾರ್ಖಾನೆ ಇನ್ನೊಂದು ಕಡೆ. ಹೀಗೆ ಎರಡು ಕಂಬಗಳ ಮೇಲೆ ನಿಂತಿದ್ದ ಆ ಊರಿನಲ್ಲಿ ಕಾಗದದ ಕಂಬವು ಕಳೆದ ದಶಕದಲ್ಲಿ ಕುಸಿಯಿತು. ಉಕ್ಕಿನ ಕಂಬವನ್ನೂ ಮುಚ್ಚುವುದೆಂಬ ನಿರ್ಧಾರವು 2023ರ ಜನವರಿಯಲ್ಲಿ ಪ್ರಕಟವಾಗಿ, ಆಮೇಲೆ ತಡೆಹಿಡಿಯಲ್ಪಟ್ಟಿತು. ಬಳ್ಳಾರಿ-ಹೊಸಪೇಟೆ-ಸಂಡೂರುಗಳಲ್ಲಿಯಾದರೋ ಏರಿಳಿತವು ಇನ್ನೂ ತೀವ್ರ. ಚೀನಾ ದೇಶದ ಉಕ್ಕಿನ ಹಸಿವೆಯಿಂದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಆ ಕೆಲವು ವರ್ಷಗಳಲ್ಲಿ, ಲಾರಿ ಕೊಂಡವನೂ ಸೈಟು ಕೊಂಡವನೂ ತನ್ನನ್ನು ಬುದ್ಧಿವಂತನೆಂದೇ ಭಾವಿಸಿದ್ದನು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಾಲದ ಲಾರಿಗಳು ಫೈನಾನ್ಸಿನವರ ಅಂಗಳಗಳಲ್ಲಿ ಸಾಲಾಗಿ ನಿಂತವು. ಷರತ್ತುಗಳೊಡನೆ ಗಣಿಗಳು ಒಂದೊಂದಾಗಿ ಮತ್ತೆ ತೆರೆದುಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಇವಕ್ಕೆ ಪ್ರತಿಯಾಗಿ ದಾವಣಗೆರೆಯನ್ನು ನೋಡಬೇಕು. ಹತ್ತಿಯ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಆ ಊರಿನ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಷ್ಟು ಹೊತ್ತಿಗೆ ಅಲ್ಲಿ ಬೇರೊಂದು ಉದ್ಯಮವು ಬೇರು ಬಿಟ್ಟಿತ್ತು: 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಅವುಗಳ ಹಿಂದೆಯೇ ದಂತವೈದ್ಯ, ಫಾರ್ಮಸಿ, ನರ್ಸಿಂಗ್ ಎಂಬ ಸಂತತಿ. 1997ರಲ್ಲಿ ಜಿಲ್ಲಾಕೇಂದ್ರದ ಪದವಿ ಬಂದಿತು; ಅದರೊಡನೆ ವರ್ಗಾವರ್ಗಿಯಾಗಿ ಬರುವ ನೌಕರವರ್ಗ ಬಂದಿತು. ಗಿರಣಿಯ ಕೂಲಿ ಹೋದಲ್ಲಿ ವಿದ್ಯಾರ್ಥಿಯ ಖರ್ಚು, ರೋಗಿಯ ಖರ್ಚು, ಗುಮಾಸ್ತನ ಸಂಬಳ ಸೇರಿಕೊಂಡವು. ಕೆಲಸ ಬದಲಾದರೂ ಬಾಡಿಗೆ ನಿಲ್ಲದ ಊರು ಇದು. ಹೂಡಿಕೆದಾರನು ಹುಡುಕತಕ್ಕದ್ದು ಇಂಥದನ್ನು. ಒಂದು ಕಾರ್ಖಾನೆ, ಒಂದು ಬೆಳೆ, ಒಂದು ಗಣಿ ನಿಂತುಹೋದರೂ ಉಳಿದ ನಾಲ್ಕು ಕಡೆಯಿಂದ ಸಂಬಳವು ಬರುವ ಊರು. (ಬೆಣ್ಣೆದೋಸೆಯನ್ನು ನಾನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ, ಹಿಡಿದರೆ ದಾವಣಗೆರೆಯ ಪಕ್ಷಕ್ಕೆ ಇನ್ನೂ ಭಾರ.)

ಮಲೆನಾಡಿನ ಅಂಚಿನ ಊರುಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಚನ್ನಗಿರಿಗಳಲ್ಲಿ ಸೈಟಿನ ಬೆಲೆಯನ್ನು ತಿಳಿಯಬೇಕೆನ್ನುವವನು ಮೊದಲು ಅಡಕೆಯ ಧಾರಣೆಯನ್ನು ವಿಚಾರಿಸಬೇಕು. ಅಡಕೆಗೆ ಒಳ್ಳೆಯ ದರ ಬಂದ ವರ್ಷ ತೋಟದವರು ಪೇಟೆಯಲ್ಲಿ ಮನೆ ಕಟ್ಟುತ್ತಾರೆ, ಮಕ್ಕಳ ಹೆಸರಿನಲ್ಲಿ ನಿವೇಶನ ಕೊಳ್ಳುತ್ತಾರೆ. ದರ ಬಿದ್ದ ವರ್ಷ ಪೇಟೆಯು ಮೌನವಾಗುತ್ತದೆ. ಅಂಥಲ್ಲಿ ಧಾರಣೆ ಶಿಖರದಲ್ಲಿರುವಾಗ ಕೊಂಡವನು ತಾನು ಕೊಂಡದ್ದು ಭೂಮಿಯನ್ನೆಂದು ತಿಳಿದಿರುತ್ತಾನೆ. ನಿಜವಾಗಿ ಅವನು ಕೊಂಡಿರುವುದು ಅಡಕೆಯನ್ನೇ.

ಯೋಜನೆಗಳ ಘೋಷಣೆಯ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಏಕೆಂದರೆ ಊರು ಆರಿಸುವವರಲ್ಲಿ ಬಹುಮಂದಿ ವೃತ್ತಪತ್ರಿಕೆಯ ಘೋಷಣೆಯನ್ನೇ ನಕ್ಷೆಯಾಗಿ ಹಿಡಿದು ಹೊರಡುತ್ತಾರೆ. ಬೆಂಗಳೂರು-ಮೈಸೂರುಗಳ ನಡುವೆ ಹೆದ್ದಾರಿಯನ್ನೂ ಅದರ ಬದಿಗೆ ಐದು ಉಪನಗರಗಳನ್ನೂ ನಿರ್ಮಿಸುವುದೆಂಬ ಒಪ್ಪಂದಕ್ಕೆ 1997ರಲ್ಲಿ ಸಹಿ ಬಿದ್ದಾಗ, ಆ ರೇಖೆಯುದ್ದಕ್ಕೂ ಭೂಮಿಯ ಬೆಲೆ ಜಿಗಿಯಿತು. ಬೆಂಗಳೂರಿನ ಸುತ್ತಣ ರಸ್ತೆಯ ಭಾಗವೇನೋ ಆಯಿತು. ಮೈಸೂರಿನವರೆಗೆ ಸಾಗಬೇಕಾಗಿದ್ದ ದಾರಿ ವ್ಯಾಜ್ಯಗಳ ನಡುವೆ ಅಲ್ಲಿಯೇ ಉಳಿಯಿತು, ಉಪನಗರಗಳು ಕಾಗದದಲ್ಲಿಯೇ ಉಳಿದವು. 2023ರ ಮಾರ್ಚಿನಲ್ಲಿ ಮೈಸೂರಿಗೆ ದಶಪಥ ರಸ್ತೆಯು ತೆರೆದುದು ನಿಜ, ಆದರೆ ಅದು ಬೇರೊಂದು ಯೋಜನೆ, ಬೇರೊಂದು ದಾರಿ. ಹುಬ್ಬಳ್ಳಿ-ಅಂಕೋಲಾ ರೈಲುಮಾರ್ಗಕ್ಕೆ 1990ರ ದಶಕದ ಕೊನೆಗೆ ಮಂಜೂರಾತಿ ದೊರೆತು, ಕಾಡಿನ ಅನುಮತಿಯೆಂಬ ಘಟ್ಟವನ್ನು ಹತ್ತಲಾರದೆ ಒಂದು ತಲೆಮಾರೇ ಕಳೆಯಿತು. ಹಾಸನದ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆಯಾಯಿತು. ಆ ವರ್ಷ ಅದರ ನೆರೆಯಲ್ಲಿ ಹೆಚ್ಚಿನ ಬೆಲೆಗೆ ಸೈಟು ಕೊಂಡ ತಂದೆಯ ಮಕ್ಕಳು ಇಂದು ಬೆಂಗಳೂರಿನಿಂದ ವಿಮಾನ ಹತ್ತುತ್ತಾರೆ.

ಘೋಷಣೆಯು ಕೈಗೂಡಿದ ಕಡೆಯಲ್ಲಿಯೂ ಲಾಭವು ಅಷ್ಟು ಸರಳವಾದುದಲ್ಲ. ಶಿವಮೊಗ್ಗದ ವಿಮಾನ ನಿಲ್ದಾಣವು 2023ರ ಫೆಬ್ರವರಿಯಲ್ಲಿ ಉದ್ಘಾಟನೆಗೊಂಡು ಅದೇ ವರ್ಷದ ಆಗಸ್ಟ್ ಅಂತ್ಯದಲ್ಲಿ ವಿಮಾನವನ್ನು ಕಂಡಿತು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌.ಎ.ಎಲ್‌. ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿದ್ದು, 2023ರ ಫೆಬ್ರವರಿಯಲ್ಲಿ ಬಾಗಿಲು ತೆರೆಯಿತು. ಅಡಿಗಲ್ಲಿನಿಂದ ಬಾಗಿಲಿಗೆ ಏಳು ವರ್ಷಗಳು! ಬೆಲೆಯಾದರೋ ಅಡಿಗಲ್ಲಿನ ದಿನವೇ ಏರಿ ಕುಳಿತಿರುತ್ತದೆ. ಬಾಡಿಗೆಯು ಬಾಗಿಲು ತೆರೆದು, ಆಳುಗಳು ನೇಮಕವಾಗಿ, ಅವರ ಸಂಸಾರಗಳು ಬಂದು ಇಳಿದ ಮೇಲೆ ಮೆಲ್ಲನೆ ಹೊರಡುತ್ತದೆ. ನಡುವಣ ವರ್ಷಗಳ ಬಡ್ಡಿಯನ್ನು ಕೊಡುವವನು ಆತುರದಿಂದ ಕೊಂಡವನು. ನನ್ನ ಅಭಿಪ್ರಾಯದಲ್ಲಿ ಘೋಷಣೆಯ ವರ್ಷಕ್ಕಿಂತ ಕಾರ್ಖಾನೆಯು ಮೊದಲ ಬಾರಿಗೆ ಸಂಬಳ ಹಂಚಿದ ವರ್ಷವು ಕೊಳ್ಳಲು ಯೋಗ್ಯವಾದುದು. ಆಗ ಬೆಲೆ ತುಸು ಹೆಚ್ಚೇ ಇದ್ದೀತು. ಆದರೆ ಕೊಂಡದ್ದು ಏನೆಂಬುದು ಕಣ್ಣಿಗೆ ಕಾಣುತ್ತದೆ. ಇದಲ್ಲದೆ, ಕೈಗಾರಿಕಾ ಪ್ರದೇಶಗಳ ಮಗ್ಗುಲಿನ ಜಮೀನಿಗೆ ಸ್ವಾಧೀನದ ಅಧಿಸೂಚನೆಯ ಭಯವೂ ಉಂಟು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯ ಸ್ವಾಧೀನವನ್ನು ಸರಕಾರವು ರೈತರ ದೀರ್ಘವಾದ ಹೋರಾಟದ ಬಳಿಕ 2025ರ ಜುಲೈಯಲ್ಲಿ ಕೈಬಿಟ್ಟಿತಷ್ಟೆ. ಅಲ್ಲಿಯವರೆಗೆ ಆ ನೆಲವನ್ನು ನೆಮ್ಮದಿಯಿಂದ ಮಾರುವಂತೆಯೂ ಇರಲಿಲ್ಲ, ಕೊಳ್ಳುವಂತೆಯೂ ಇರಲಿಲ್ಲ.

ಕಾರ್ಖಾನೆಯನ್ನು ನೆಚ್ಚದ ಇನ್ನೊಂದು ಬಗೆಯ ಊರುಗಳೂ ಉಂಟು: ವಿದ್ಯಾರ್ಥಿಗಳ ಊರುಗಳಾದ ಮಣಿಪಾಲ, ಸುರತ್ಕಲ್, ಧಾರವಾಡ. ಇಲ್ಲಿ ಬಾಡಿಗೆಯು ಸಂಬಳದ ಬದಲು ತಂದೆತಾಯಿಗಳ ಹುಂಡಿಯಿಂದ ಬರುತ್ತದೆ, ಮತ್ತು ಸಾಕಷ್ಟು ಧಾರಾಳವಾಗಿಯೇ ಬರುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು ಉತ್ತರ ಕರ್ನಾಟಕದ ಎಲ್ಲ ಮೂಲೆಗಳಿಂದ ಬಂದು ನೆರೆಯುವ ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಣೆಗೂ ಬೇಡಿಕೆಯಿದೆ. ಆದರೆ ಬೇಸಗೆಯ ರಜೆಯಲ್ಲಿ ಮನೆ ಖಾಲಿ, ಕಾಲೇಜೇ ಒಂದು ಹಾಸ್ಟೆಲು ಕಟ್ಟಿದರೆ ಮನೆ ಖಾಲಿ. 2020ರ ಮಹಾಮಾರಿಯಲ್ಲಂತೂ ಇಡೀ ಬೀದಿಗಳೇ ಖಾಲಿಯಾದವು. ಇಷ್ಟು ತಿಳಿದು ಕೊಂಡರೆ ಬಾಧಕವಿಲ್ಲ.

ಊರನ್ನು ಆರಿಸಿದ ಮೇಲೆ ಊರೊಳಗಿನ ನೆಲವನ್ನು ಆರಿಸುವುದು ಉಳಿಯುತ್ತದೆ. ಇಲ್ಲಿ ನಮ್ಮವರು ಮೊದಲು ಕೇಳುವುದು ದಿಕ್ಕನ್ನು. ಪೂರ್ವಾಭಿಮುಖ ಸೈಟಿಗೆ ನಾಲ್ಕು ಕಾಸು ಹೆಚ್ಚು ಕೊಡಲು ಸಿದ್ಧರಿರುವ ಗೃಹಸ್ಥರು, ಆ ಸೈಟಿನ ಅಡಿಯಲ್ಲಿ ಯಾವ ಮಣ್ಣಿದೆಯೆಂದು ಕೇಳುವುದೇ ಅಪೂರ್ವ. ವಾಸ್ತುಪುರುಷನ ವಿಷಯದಲ್ಲಿ ನನಗೆ ವಿರೋಧವಿಲ್ಲ, ಆದರೆ ಹುಬ್ಬಳ್ಳಿಯ ಎರೆಮಣ್ಣಿನ ವಿಷಯದಲ್ಲಿ ಆತನ ಅನುಗ್ರಹವೂ ಸಾಲದು. ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಕುಗ್ಗಿ ಬಿರಿಯುವ ಆ ಕಪ್ಪುಮಣ್ಣಿನ ಮೇಲೆ ಸಾಧಾರಣ ತಳಪಾಯ ಹಾಕಿದ ಮನೆಯ ಗೋಡೆಗಳು ಕೆಲವೇ ವರ್ಷಗಳಲ್ಲಿ ಸೀಳುತ್ತವೆ; ಗಟ್ಟಿನೆಲ ಸಿಗುವವರೆಗೆ ಅಗೆದು ಪಾಯ ಹಾಕುವ ಖರ್ಚನ್ನು ಸೈಟಿನ ಬೆಲೆಗೇ ಸೇರಿಸಿ ಎಣಿಸತಕ್ಕದ್ದು. ಇಪ್ಪತ್ತು ಕಿಲೋಮೀಟರು ಆಚೆಗೆ ಧಾರವಾಡದ ಏರಿನ ಮೇಲೆ ಮಣ್ಣು ಕೆಂಪಾಗುತ್ತದೆ, ಗಾಳಿ ತಂಪಾಗುತ್ತದೆ.

ನೀರು ಮಣ್ಣಿಗಿಂತಲೂ ಮುಖ್ಯವಾದುದು. ಈ ಜೋಡಿನಗರಕ್ಕೆ ಮಲಪ್ರಭೆಯ ನೀರು ಸವದತ್ತಿಯ ಜಲಾಶಯದಿಂದ ಬರುತ್ತದೆ. 2008ರಲ್ಲಿ ಕೆಲವು ಬಡಾವಣೆಗಳಲ್ಲಿ ಇಪ್ಪತ್ತನಾಲ್ಕು ತಾಸೂ ನೀರು ಕೊಟ್ಟ ಪ್ರಯೋಗವು ದೇಶದ ಗಮನವನ್ನೇ ಸೆಳೆಯಿತು. ಆದರೆ ಹಲವು ವಾರ್ಡುಗಳು ಎಷ್ಟೋ ದಿನಗಳಿಗೊಮ್ಮೆ ಬರುವ ಸರದಿಗೆ ಕಾಯುತ್ತಲೇ ಬಂದಿವೆ. ಒಂದೇ ಊರಿನಲ್ಲಿ, ಒಂದೇ ಅಳತೆಯ ಎರಡು ಮನೆಗಳ ಬಾಡಿಗೆಯಲ್ಲಿ ಅಂತರವುಂಟಾಗುವುದು ಇಂಥ ಕಾರಣದಿಂದ. ಆದ್ದರಿಂದ ನೆಲ ನೋಡಲು ಹೋಗುವವನು ಶ್ರಾವಣದಲ್ಲಿ ಹೋಗದೆ ಚೈತ್ರ-ವೈಶಾಖಗಳಲ್ಲಿ ಹೋಗಲಿ. ಮಾರುವವನನ್ನು ವಿಚಾರಿಸದೆ, ಆ ಬೀದಿಯ ಹೆಂಗಸರನ್ನು ನೀರು ಯಾವ ದಿನ ಬರುತ್ತದೆ, ಟ್ಯಾಂಕರಿಗೆ ಎಷ್ಟು ಕೊಡುತ್ತೀರಿ ಎಂದು ವಿಚಾರಿಸಲಿ. ಇನ್ನೊಂದು ಪರೀಕ್ಷೆಯನ್ನೂ ಹೇಳುತ್ತೇನೆ: ಸಂಜೆ ಏಳು ಗಂಟೆಗೆ ಲೇಔಟಿನೊಳಗೆ ಒಂದು ಸುತ್ತು ನಡೆದು ದೀಪ ಹತ್ತಿದ ಮನೆಗಳನ್ನು ಎಣಿಸಿ. ನೂರು ಸೈಟುಗಳಿಗೆ ಆರು ದೀಪಗಳಿದ್ದರೆ, ಉಳಿದ ತೊಂಬತ್ತನಾಲ್ಕು ಮಂದಿ ನಿಮ್ಮಂತೆಯೇ ದೂರದಲ್ಲಿ ಕುಳಿತು ಬೆಲೆ ಏರುವುದನ್ನು ಕಾಯುತ್ತಿದ್ದಾರೆಂದು ತಿಳಿಯಿರಿ. ಕಾಂಗ್ರೆಸ್ ಗಿಡ ಎದೆಯೆತ್ತರ ಬೆಳೆದ ಅಂಥ ಲೇಔಟುಗಳು ಇಂದು ಪ್ರತಿಯೊಂದು ಜಿಲ್ಲಾಕೇಂದ್ರದ ಹೊರಗೂ ಇವೆ. ಅದೇ ಊರಿನ ಗಾರೆ ಮೇಸ್ತ್ರಿಗೂ ಅಂಗನವಾಡಿಯ ಶಿಕ್ಷಕಿಗೂ ಸೈಟು ಕೈಗೆಟುಕದಂತಾಗಿರುವುದು ನಮ್ಮ ಈ ಕಾಯುವಿಕೆಯಿಂದಲೇ ಎಂಬುದನ್ನು ಹೂಡಿಕೆಯ ಲೇಖನದಲ್ಲಿಯೂ ಮುಚ್ಚಿಡಬೇಕಾದುದಿಲ್ಲ.

ಕಾಗದಪತ್ರಗಳ ಅರಣ್ಯವನ್ನು ಪೂರ್ತಿಯಾಗಿ ವರ್ಣಿಸಲು ಇಲ್ಲಿ ಸ್ಥಳವಿಲ್ಲ. ಹೊರಗಿನವನು ಎಡವುವ ಸ್ಥಾನಗಳನ್ನಷ್ಟೇ ತೋರಿಸುತ್ತೇನೆ. ನೋಂದಣಿಯಾಯಿತೆಂದರೆ ಹಕ್ಕು ಸಿದ್ಧಿಸಿತೆಂಬುದು ಜನರ ದೃಢವಾದ ನಂಬಿಕೆ. ಸಬ್‌ರಿಜಿಸ್ಟ್ರಾರರು ಪತ್ರವನ್ನು ದಾಖಲು ಮಾಡಿಕೊಳ್ಳುತ್ತಾರೆ. ಮಾರಿದವನಿಗೆ ಮಾರುವ ಹಕ್ಕಿತ್ತೆಂಬ ಹೊಣೆಯನ್ನು ಅವರು ಹೊರುವುದಿಲ್ಲ. ಜಮೀನು ಪಿತ್ರಾರ್ಜಿತವಾಗಿದ್ದರೆ ವಂಶವೃಕ್ಷವನ್ನು ತೆಗೆಸಿ, ಮನೆಯ ಹೆಣ್ಣುಮಕ್ಕಳೆಲ್ಲರೂ ಸಹಿ ಮಾಡಿದ್ದಾರೆಯೇ ಎಂದು ನೋಡಬೇಕು. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲನ್ನು ಕೊಟ್ಟ ತಿದ್ದುಪಡಿಯು 1994ರದು, ದೇಶಕ್ಕೆಲ್ಲ ಅದು 2005ರಲ್ಲಿ ಬಂದಿತು. ಮೂಲತಃ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯಾಗಿದ್ದರೆ, 1978ರ ಕಾನೂನಿನ ಮೇರೆಗೆ ಸರಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಎಷ್ಟೇ ವರ್ಷಗಳು ಕಳೆದಿದ್ದರೂ ಮೂಲ ಒಡೆಯರು ಅದನ್ನು ಮರಳಿ ಕೇಳಲು 2023ರ ತಿದ್ದುಪಡಿಯು ದಾರಿ ತೆರೆದಿದೆ. ಅದು ನ್ಯಾಯವಾದ ಕಾನೂನು. ನಾಲ್ಕು ಕೈ ದಾಟಿ ಬಂದ ಸೈಟನ್ನು ವಿಚಾರಿಸದೆ ಕೊಂಡವನು ಮಾತ್ರ ಅದರೆದುರು ನಿಸ್ಸಹಾಯಕ. ಜಿ.ಪಿ.ಎ. ಎಂಬ ಸಾಮಾನ್ಯ ಅಧಿಕಾರಪತ್ರದ ಮೇಲೆ ಕೊಂಡ ಆಸ್ತಿಗೆ ಒಡೆತನವಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿಯೇ ಹೇಳಿದ್ದರೂ ಆ ವ್ಯಾಪಾರವು ಊರೂರುಗಳಲ್ಲಿ ಇನ್ನೂ ಜೀವಂತವಾಗಿದೆ.

ಕೃಷಿಭೂಮಿಯನ್ನು ಅನ್ಯಕ್ರಾಂತ ಮಾಡಿಸದೆ ತುಂಡು ಮಾಡಿ ಮಾರುವ "ರೆವಿನ್ಯೂ ಸೈಟು" ಅಗ್ಗದ ಆಸ್ತಿಯ ಅತ್ಯಂತ ಅಪಾಯಕರ ರೂಪ. ಪಂಚಾಯಿತಿಯ ವ್ಯಾಪ್ತಿಯಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಇರುವುದಕ್ಕೂ, ಬರಿಯ 11ಬಿ ಇರುವುದಕ್ಕೂ ಅಜಗಜಾಂತರ. ಸಾಲ ಕೇಳಲು ಬ್ಯಾಂಕಿಗೆ ಹೋದ ದಿನ ಅದು ಅರಿವಾಗುತ್ತದೆ. 500 ಚದರ ಮೀಟರಿಗೆ ಮೀರಿದ ಲೇಔಟು ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿರಲೇಬೇಕು, ಮತ್ತು ಕೊಳ್ಳುವವರಿಂದ ಬಂದ ಹಣದಲ್ಲಿ ಶೇಕಡ 70ನ್ನು ಅದೇ ಯೋಜನೆಯ ಪ್ರತ್ಯೇಕ ಖಾತೆಯಲ್ಲಿ ಇಡಬೇಕು. 2020ರಲ್ಲಿ ಭೂಸುಧಾರಣಾ ಕಾನೂನಿನ 79ಎ, 79ಬಿ ಪ್ರಕರಣಗಳು ರದ್ದಾದಮೇಲೆ ಕೃಷಿಕನಲ್ಲದವನೂ ಹೊಲವನ್ನು ಕೊಳ್ಳಬಹುದಾಗಿದೆ; ಆದರೆ ಹೊಲವು ಹೊಲವೇ, ಅದನ್ನು ನಿವೇಶನವಾಗಿಸಲು ಅನ್ಯಕ್ರಾಂತ (ಡಿ.ಸಿ. ಕನ್ವರ್ಷನ್) ಬೇಕು. ಮೂವತ್ತು ವರ್ಷಗಳ ಋಣಭಾರ ಪತ್ರ (ಇ.ಸಿ.), ಮೂಲಪತ್ರ, ಪಹಣಿ, ಇ-ಖಾತೆ ಇವನ್ನು ಮಾರುವವನು ತೋರಿಸುವ ವಕೀಲನ ಕೈಗೆ ಕೊಡದೆ ನಿಮ್ಮದೇ ವಕೀಲನ ಕೈಗೆ ಕೊಡಿ. ಹತ್ತಿಪ್ಪತ್ತು ಸಾವಿರದ ಆ ಫೀಸನ್ನು ಉಳಿಸಲು ಹೋಗುವವರ ಸಂಖ್ಯೆಯನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ದೂರದ ಒಡೆಯನ ಕಷ್ಟವನ್ನೂ ಒಂದು ಮಾತಿನಲ್ಲಿ ಹೇಳಿಬಿಡಬೇಕು. ಮುಂಬಯಿ, ದುಬೈ, ಅಮೆರಿಕಗಳಲ್ಲಿರುವ ನಮ್ಮ ಕರಾವಳಿಯ ಬಂಧುಗಳು ಕಟ್ಟಿಸಿ ಬೀಗ ಹಾಕಿದ ಮನೆಗಳನ್ನು ಉಡುಪಿ-ಮಂಗಳೂರುಗಳಲ್ಲಿ ಯಾರಾದರೂ ನೋಡಬಹುದು. ಬಾಡಿಗೆಗೆ ಕೊಟ್ಟರೆ ನೋಡಿಕೊಳ್ಳುವವರಿಲ್ಲ, ಕೊಡದಿದ್ದರೆ ಗೆದ್ದಲು ಹಿಡಿಯುತ್ತದೆ. ಎರಡು ಊರುಗಳು ಮಿಕ್ಕೆಲ್ಲದರಲ್ಲಿ ಸಮಸಮವಾಗಿದ್ದರೆ, ಸೋದರಮಾವನೋ ಹಳೆಯ ಸಹಪಾಠಿಯೋ ಇರುವ ಊರನ್ನೇ ಆರಿಸುವುದು ಲೇಸು. ಬಾಡಿಗೆದಾರನ ಫೋನಿಗೆ ಉತ್ತರಿಸಿ, ಪ್ಲಂಬರನನ್ನು ಕಳುಹಿಸಿಕೊಡುವ ಒಬ್ಬನಿರುವುದು ಶೇಕಡ ಅರ್ಧದಷ್ಟು ಉತ್ಪತ್ತಿಗೆ ಸಮ.

ಇಷ್ಟೆಲ್ಲವನ್ನು ಕೇಳಿದ ಮೇಲೂ "ಯಾವ ಊರು?" ಎಂದು ಓದುಗರು ಕೇಳದೆ ಬಿಡುವವರಲ್ಲ. ನನ್ನ ನಿರ್ಣಯವನ್ನು ಹೇಳುತ್ತೇನೆ. ಅದರೊಡನೆ ಭಿನ್ನಾಭಿಪ್ರಾಯಕ್ಕೆ ಧಾರಾಳ ಅವಕಾಶವುಂಟು. ಮೈಸೂರು ಉತ್ತಮವಾದ ಊರು, 1903ರಷ್ಟು ಹಿಂದೆಯೇ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡನ್ನು ಕಂಡ ಊರು. ಆದರೆ ಅದರ ಗುಣಕ್ಕೆ ತಕ್ಕ ಬೆಲೆಯನ್ನು ಪೇಟೆಯು ಎಂದೋ ವಸೂಲು ಮಾಡಿಕೊಂಡಿದೆ. ತುಮಕೂರು ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರಿನಲ್ಲಿದ್ದು, ವಸಂತನರಸಾಪುರದ ಕೈಗಾರಿಕೆಗಳ ಬಲದಿಂದ ಬೆಳೆಯುವುದರಲ್ಲಿ ಸಂದೇಹವಿಲ್ಲ. ಅಲ್ಲಿಯ ಬೆಲೆ ಮಾತ್ರ ಬಾಡಿಗೆಗಿಂತ ಬಹಳ ಮುಂದೆ ಓಡಿದೆ. ಮೊದಲ ಸ್ಥಾನವನ್ನು ನಾನು ಹುಬ್ಬಳ್ಳಿ-ಧಾರವಾಡಕ್ಕೆ ಕೊಡುತ್ತೇನೆ. 2011ರ ಜನಗಣತಿಯಲ್ಲಿಯೇ 9 ಲಕ್ಷ 40 ಸಾವಿರಕ್ಕೆ ಮಿಕ್ಕಿ ಜನಸಂಖ್ಯೆ. ನೈಋತ್ಯ ರೈಲ್ವೆಯ ಕೇಂದ್ರಕಚೇರಿ, ಹೈಕೋರ್ಟಿನ ಪೀಠ, ವಿಶ್ವವಿದ್ಯಾಲಯಗಳು, 2016ರಲ್ಲಿ ಬಂದ ಐ.ಐ.ಟಿ., ದೊಡ್ಡ ಆಸ್ಪತ್ರೆಗಳು, ಬಸ್ಸು ಕಟ್ಟುವ ಕಾರ್ಖಾನೆ, ಶತಮಾನದ ಹತ್ತಿ-ಮೆಣಸಿನಕಾಯಿಯ ವ್ಯಾಪಾರ. ಈ ಎಲ್ಲ ಸಂಬಳಗಳೂ ಒಂದೇ ಸಲ ನಿಲ್ಲುವುದು ಅಸಂಭವ. ಎರಡು ಊರುಗಳನ್ನು ಜೋಡಿಸುವ ಚಿಗರಿ ಬಸ್ಸಿನ ದಾರಿಗೆ ನಡೆದು ಹೋಗುವಷ್ಟು ದೂರದಲ್ಲಿ, ವಿದ್ಯಾನಗರದಿಂದ ನವನಗರ, ಸತ್ತೂರುಗಳವರೆಗೆ, ಹೊಸ ಲೇಔಟಿನ ಖಾಲಿ ಸೈಟಿಗಿಂತ ಹತ್ತು ಹದಿನೈದು ವರ್ಷ ಹಳೆಯದಾದ, ಗೋಡೆ ಬಿರಿಯದೆ ನಿಂತ, ಈಗಾಗಲೇ ಬಾಡಿಗೆದಾರನಿರುವ ಸಣ್ಣ ಮನೆಯನ್ನು ಹುಡುಕಬೇಕು. ಎರಡನೆಯದು ದಾವಣಗೆರೆ. ಶಿವಮೊಗ್ಗ ಮೂರನೆಯದು, ಅದೂ ಅಡಕೆಯ ದರ ಇಳಿದ ವರ್ಷದಲ್ಲಿ. ಸಾಲ ಮಾಡಿ ಖಾಲಿ ಸೈಟು ಕೊಳ್ಳಬೇಕೆಂದಿರುವವರಿಗೆ ಮಾತ್ರ ನಾನು ಯಾವ ಊರನ್ನೂ ಸೂಚಿಸಲಾರೆ.